ಬೆಂಗ್ರೆಯಿಂದ ತಂದ ಹೆಪ್ಪು

2025, ಜನವರಿ 6, ಸೋಮವಾರ

ಇವತ್ತು ಟ್ರಾನ್ಸ್‌ಫರ್ ದಿನ. ಹದಿನೈದು ದಿನಕ್ಕೊಮ್ಮೆ, ಸೋಮವಾರ. ಹಳೆ ಫ್ಲಾಸ್ಕಿನಿಂದ ಬ್ಯಾಕ್ಟೀರಿಯಾ ಬೆಳೆದ ನೀರು ಹತ್ತು ಎಂ.ಎಲ್. ತೆಗೆದು ಹೊಸದಕ್ಕೆ. ಒಟ್ಟು ಆರು ಫ್ಲಾಸ್ಕ್. ಹೊಸ ನೀರು ತೆಳು ಹಸಿರು. ಬೆಳೆದ ಮೇಲೆ ತುಕ್ಕಿನ ಕೆಂಪು. ಕೆಂಪಾದರೆ ಬದುಕಿದೆ ಎಂದರ್ಥ.

ಮೇ 31ಕ್ಕೆ ಈ ಲ್ಯಾಬಿನಿಂದ ನನ್ನ ರಿಟೈರ್‌ಮೆಂಟ್. ಅಷ್ಟರೊಳಗೆ ಅಶ್ಮಿತಾಳಿಗೆ ಎಲ್ಲ ಕಲಿಸಿಬಿಡಿ ಎಂದಿದ್ದಾರೆ ಹಫ್ಸಾ ಮೇಡಂ, ನಮ್ಮ ಮೈಕ್ರೋಬಯಾಲಜಿಯ ಎಚ್ಓಡಿ. ಅಶ್ಮಿತಾ ಪಿಎಚ್‌ಡಿ ಹುಡುಗಿ. ಎರಡು ವರ್ಷದಿಂದ ಈ ಬ್ಯಾಕ್ಟೀರಿಯಾದ ಮೇಲೆಯೇ ಕೆಲಸ. ಬುದ್ಧಿ ಚುರುಕು, ಕೈಯಲ್ಲಿ ಮಾತ್ರ ಸಮಾಧಾನ ಇಲ್ಲ. ಪಿಪೆಟ್ ಹಿಡಿದರೆ ಸಿಟಿ ಬಸ್ಸಿನ ಕಂಬಿ ಹಿಡಿದ ಹಾಗೆ.

ಮೊದಲ ಪಾಠ ಹೇಳಿಕೊಟ್ಟೆ. ಉಳಿದ ಲವಣಗಳೆಲ್ಲ ಆಟೋಕ್ಲೇವಿಗೆ ಹೋಗಬಹುದು — ಆಟೋಕ್ಲೇವ್ ಎಂದರೆ ನಮ್ಮ ದೊಡ್ಡ ಕುಕ್ಕರ್. ಕಬ್ಬಿಣದ ನೀರು ಹೋಗಬಾರದು. ಅದನ್ನು ಬೇರೆಯೇ ಕರಗಿಸಿ, ಫಿಲ್ಟರಿನಲ್ಲಿ ಸೋಸಿ, ಕೊನೆಗೆ ಸೇರಿಸಬೇಕು. ಹಾಕಿದರೆ ಎಂತ ಆಗ್ತದೆ ಎಂದು ಕೇಳಿದಳು. ಬಿಸಿಗೆ ತಾನೇ ತುಕ್ಕು ಹಿಡಿದು ಕೆಂಪಾಗುತ್ತದೆ, ಬೆಳೆದದ್ದೋ ಬೆಂದದ್ದೋ ಕಣ್ಣಿಗೆ ತಿಳಿಯುವುದಿಲ್ಲ ಎಂದೆ. ಎದ್ದು ಹೋಗಿ ನೀರು ಕುಡಿದು ಬಂದೆ.

ಜನವರಿ 23, ಗುರುವಾರ

ಅಶ್ಮಿತಾ ಕುಣಿಯುವುದೊಂದು ಬಾಕಿ. ಉಪ್ಪಿನ ಪ್ರಯೋಗ ಗೆದ್ದಿದೆ.

ಈ ಬ್ಯಾಕ್ಟೀರಿಯಾದ ಜಾತಿಗೆ ಉಪ್ಪು ಆಗುವುದಿಲ್ಲ. ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ — ಹೆಸರು ಹೇಳುವಷ್ಟರಲ್ಲಿ ನಾಲಿಗೆ ಒಂದು ಸುತ್ತು ಹೋಗಿ ಬರುತ್ತದೆ. ಗಣಿಯ ಆಸಿಡ್ ನೀರಿನಲ್ಲಿ ಸಂಸಾರ. ನಿಂಬೆಹುಳಿಯಷ್ಟು ಹುಳಿ ಇದ್ದರೇ ಅದಕ್ಕೆ ಸುಖ. ತಿನ್ನುವುದು ಕಬ್ಬಿಣ. ಬೇರೆ ಯಾವ ಜೀವವೂ ಕಾಲಿಡದ ಜಾಗದಲ್ಲಿ ಹಾಯಾಗಿರುತ್ತದೆ, ಆದರೆ ಸ್ವಲ್ಪ ಅಡುಗೆ ಉಪ್ಪು ಬಿತ್ತೋ, ಮುಗಿಯಿತು. ಪುಸ್ತಕದಲ್ಲೆಲ್ಲ ಹಾಗೇ ಇದೆ. ನಮ್ಮ ಸಿ.ಎಂ.-3 ಮಾತ್ರ ಸಮುದ್ರದ ಅರ್ಧದಷ್ಟು ಉಪ್ಪಿನಲ್ಲಿ ಒಂಬತ್ತು ದಿನಕ್ಕೆ ಕೆಂಪಾಗಿದೆ. ಮೂರು ಸಲ ಮಾಡಿದಳು. ಮೂರು ಸಲವೂ.

ಸಿ.ಎಂ. ಎಂದರೆ ಕಾಪರ್ ಮೈನ್. 1996ರಲ್ಲಿ ಝೇವಿಯರ್ ಸರ್ ಘಟ್ಟದ ಮೇಲಿನ ಹಳೆ ತಾಮ್ರದ ಗಣಿಗೆ ಇಳಿದು ಬಾಟಲಿಯಲ್ಲಿ ತಂದದ್ದು. ಆಗ ಅವರು ಎಚ್ಓಡಿ. ಲೇಬಲ್ಲಿನ ಅಕ್ಷರ ಇವತ್ತಿಗೂ ಅವರದ್ದೇ, ಅದರ ಮೇಲೆ ಸೆಲ್ಲೋಟೇಪ್ ಅಂಟಿಸಿ ಕಾಪಾಡಿದ್ದೇನೆ.

“ಬಾಗಿಯಕ್ಕ, ಗಣಿಯಲ್ಲಿ ಹುಟ್ಟಿದ್ದಕ್ಕೆ ಉಪ್ಪಿನ ರುಚಿ ಹೇಗೆ ಗೊತ್ತು?” ಎಂದಳು ಅಶ್ಮಿತಾ. ಇದೊಂದೇ ಅವಳ ಥೀಸಿಸ್ಸಿನ ದೊಡ್ಡ ಅಧ್ಯಾಯವಂತೆ. ಎಲ್ಲರಿಗೂ ಗಡ್‌ಬಡ್ ಐಸ್‌ಕ್ರೀಮ್ ತರಿಸಿದಳು. ನನ್ನದು ಕರಗಿ ನೀರಾಯಿತು.

ಹೇಗೆ ಗೊತ್ತು ಎಂದು ಈ ಊರಿನಲ್ಲಿ ನನಗೊಬ್ಬಳಿಗೆ ಗೊತ್ತು. ಇಷ್ಟು ವರ್ಷ ಇಲ್ಲಿಯೂ ಮತ್ತೆ ಬರೆದಿಲ್ಲ. ಇವತ್ತು ಬರೆಯುತ್ತೇನೆ. ಅದು ಗಣಿಯದ್ದಲ್ಲ. ನದಿಯಾಚೆಯ ಬೆಂಗ್ರೆಯದ್ದು. ಸರ್ ತಂದ ಸಿ.ಎಂ.-3 ಸತ್ತು ಹದಿನಾಲ್ಕು ವರ್ಷ ಆಯಿತು. ನನ್ನ ಕೈಯಲ್ಲಿ ಸತ್ತದ್ದು.

ಜನವರಿ 26, ಭಾನುವಾರ

ಧ್ವಜ ಹಾರಿಸಿ, ಲಾಡು ತಿಂದು ಮನೆಗೆ. ಇವರು ಟಿ.ವಿ. ಮುಂದೆ. ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

2011ರ ಜೂನ್. ಅಮ್ಮ ಫಳ್ನೀರಿನ ಆಸ್ಪತ್ರೆಯಲ್ಲಿ. ಟ್ರಾನ್ಸ್‌ಫರ್ ದಿನ. ಆಗೆಲ್ಲ ಅದು ಮಂಗಳವಾರ. ಬೇಗ ಮುಗಿಸಿ ಹೊರಡುವ ಅವಸರ, ಮನಸ್ಸು ಸ್ಥಿಮಿತದಲ್ಲಿರಲಿಲ್ಲ. ಕಬ್ಬಿಣವನ್ನೂ ಉಳಿದದ್ದರ ಜೊತೆ ಆಟೋಕ್ಲೇವಿಗೆ ಹಾಕಿಬಿಟ್ಟೆ. ಆ ಕೆಟ್ಟ ನೀರಿಗೇ ಟ್ರಾನ್ಸ್‌ಫರ್ ಮಾಡಿದೆ. ಹಳೆ ಫ್ಲಾಸ್ಕ್‌ಗಳನ್ನು ತೊಳೆಯಲು ಹಾಕಿದೆ. ಅದೇ ದಿನ ಅಮ್ಮ ಹೋದರು. ಸೂತಕ, ಬೊಜ್ಜದ ಉತ್ತರಕ್ರಿಯೆ ಎಲ್ಲ ಮುಗಿಸಿ ಬಂದು ನೋಡಿದರೆ ಆರೂ ಫ್ಲಾಸ್ಕ್ ಕೆಂಪು. ಬೆಳೆದಿದೆ ಎಂದುಕೊಂಡೆ. ಅದರಿಂದ ಹೊಸದಕ್ಕೆ ಹಾಕಿದೆ. ಹಸಿರು ಹಸಿರಾಗಿಯೇ ಉಳಿಯಿತು. ಮತ್ತೆ ಹಾಕಿದೆ. ಹಸಿರು. ಮೈಕ್ರೋಸ್ಕೋಪಿನಲ್ಲಿ ಒಂದೇ ಒಂದು ಓಡಾಡುವುದಿಲ್ಲ. ಬರೀ ತುಕ್ಕು.

ಇದು ತಿಳಿಯುವಷ್ಟರಲ್ಲಿ ಸರ್ ಉತ್ತರಪತ್ರಿಕೆ ನೋಡಲು ಮೈಸೂರಿಗೆ ಹೋಗಿದ್ದರು. ಬರಲು ಒಂದು ತಿಂಗಳು.

ಅಣ್ಣನ ಮನೆ ಬೆಂಗ್ರೆಯಲ್ಲಿ, ನದಿ ಸಮುದ್ರ ಸೇರುವಲ್ಲಿ. ಆ ವರ್ಷ ಅಲ್ಲಿ ಜೆಟ್ಟಿಗೆಂದು ನದಿಯ ಅಡಿಯ ಕಪ್ಪು ಕೆಸರು ತೆಗೆದು ದಡದಲ್ಲಿ ರಾಶಿ ಹಾಕಿದ್ದರು. ಬೇಸಗೆಯ ಬಿಸಿಲಿಗೆ ಒಣಗಿ ಹಳದಿ ಹಕ್ಕಳೆ ಕಟ್ಟಿತ್ತು. ಮಳೆ ಬಿದ್ದು ಬುಡದಲ್ಲಿ ಕೆಂಪು ನೀರು. ಅದನ್ನು ತುಳಿದರೆ ಕಾಲು ಉರಿಯುತ್ತದೆ ಎಂದು ಅತ್ತಿಗೆ ಬೈಯುತ್ತಿದ್ದರು. ರಾಶಿಯ ಮೇಲೆ ಬಿದ್ದಿದ್ದ ತಗಡಿನ ಶೀಟು ತೂತು ತೂತು. ಅವರಿಗೆ ಅದು ದರಿದ್ರ, ನನಗೆ ಆಸಿಡ್ಡಿನ ಗುರುತು ಸಿಕ್ಕಿತು. ಪಿಎಚ್ ಪೇಪರ್ ಅದ್ದಿದೆ. ಎರಡೂವರೆ. ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿಸಿ ಫೆರ್ರಿ ಹತ್ತಿದೆ.

ಹಸಿರು ನೀರಿಗೆ ಹಾಕಿದೆ. ಹನ್ನೆರಡು ದಿನಕ್ಕೆ ಕೆಂಪು. ಮೈಕ್ರೋಸ್ಕೋಪಿನಲ್ಲಿ ಸಣ್ಣ ಸಣ್ಣ ಕಡ್ಡಿಗಳು ಓಡಾಡಿದವು. ಅತ್ತುಬಿಟ್ಟೆ.

ಮೋಸ ಎಂದು ಆಗ ಅನಿಸಲಿಲ್ಲ, ಸತ್ಯವಾಗಿ. ಮನೆಯಲ್ಲಿ ಹೆಪ್ಪು ಕೆಟ್ಟರೆ ಲೋಟ ಹಿಡಿದುಕೊಂಡು ಪಕ್ಕದ ಮನೆಗೆ ಹೋಗುವುದಿಲ್ಲವೇ? ಆ ಹೆಪ್ಪಿನಿಂದಾದ ಮೊಸರನ್ನು ಪಕ್ಕದ ಮನೆಯ ಮೊಸರು ಎಂದು ಯಾರು ಕರೆಯುತ್ತಾರೆ? ನಮ್ಮದೇ ಮೊಸರು. ಹಾಗೇ ಇದೂ. ಕಬ್ಬಿಣ ತಿನ್ನುತ್ತದೆ, ಆಸಿಡ್ ಮಾಡುತ್ತದೆ, ಕೆಂಪಾಗುತ್ತದೆ. ಮತ್ತೆ ಎಂತ ಬೇಕು? ಫ್ಲಾಸ್ಕಿಗೆ ಸರ್‌ನ ಲೇಬಲ್ ಅಂಟಿಸಿದೆ.

ಈಗ ಈ ಉಪ್ಪು ಅಡ್ಡ ಬಂತು.

ಫೆಬ್ರುವರಿ 11, ಮಂಗಳವಾರ

ಝೇವಿಯರ್ ಸರ್ ಬಂದಿದ್ದರು. ರಿಟೈರ್ ಆಗಿ ಹನ್ನೊಂದು ವರ್ಷ. ಮಂಡಿನೋವು, ಕೋಲು, ಆದರೆ ಸ್ವರ ಅದೇ. ಅಶ್ಮಿತಾ ಗ್ರಾಫ್ ತೋರಿಸಿದಳು. ಕುರ್ಚಿಯಿಂದ ಎದ್ದೇಬಿಟ್ಟರು. ಕೋಟಿಗಟ್ಟಲೆ ವರ್ಷದ ಹಿಂದೆ ಆ ಗಣಿಯ ಕಲ್ಲು ಸಮುದ್ರದ ತಳದಲ್ಲಿತ್ತು, ಅದರ ನೆನಪು ಇದರ ರಕ್ತದಲ್ಲಿ ಉಳಿದಿದೆ ಎಂದರು. ರಕ್ತ ಇಲ್ಲ ಸರ್ ಎಂದು ಅಶ್ಮಿತಾ ನಕ್ಕಳು. ಅವರೂ ನಕ್ಕರು. ಇಬ್ಬರ ಹೆಸರಿನಲ್ಲಿ ಪೇಪರ್. ಮಾರ್ಚ್ 31ಕ್ಕೆ ಕಳುಹಿಸಬೇಕಂತೆ.

ಹೊರಡುವಾಗ ನನ್ನ ಕಡೆ ತಿರುಗಿ, ಬಾಗಿ ಇಲ್ಲದಿದ್ದರೆ ಇದು ಯಾವತ್ತೋ ಸಾಯುತ್ತಿತ್ತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಭೂಮಿ ಬಾಯಿಬಿಡಬಾರದೇ ಅನಿಸಿತು. ಬಿಡಲಿಲ್ಲ. ಟೀ ಗ್ಲಾಸ್ ತೊಳೆದೆ.

ಫೆಬ್ರುವರಿ 17, ಸೋಮವಾರ

ಟ್ರಾನ್ಸ್‌ಫರ್. ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಮಾರ್ಚ್ 3, ಸೋಮವಾರ

ಟ್ರಾನ್ಸ್‌ಫರ್. ಅಶ್ಮಿತಾಳ ಕೈ ಈಗ ನಡುಗುವುದಿಲ್ಲ. ಹೇಳಲಿಲ್ಲ.

ಮಾರ್ಚ್ 9, ಭಾನುವಾರ

ಬೆಂಗ್ರೆಗೆ ಹೋಗಿಬಂದೆ. ಕೆಸರಿನ ರಾಶಿ ಇದ್ದ ಜಾಗದಲ್ಲಿ ಈಗ ಕಾಂಕ್ರೀಟು, ಅದರ ಮೇಲೆ ಬಲೆ ಹರಡಿದ್ದಾರೆ. ಮೂಲೆಯಲ್ಲಿ ಎಲ್ಲಾದರೂ ಸ್ವಲ್ಪ ಹಳದಿ ಮಣ್ಣು ಸಿಗುತ್ತದೋ ಎಂದು ಹುಡುಕಿದೆ. ಇಲ್ಲ. ಎಂತ ಕಳೆದುಕೊಂಡೆ ಎಂದು ಅತ್ತಿಗೆ ಕೇಳಿದರು. ಕಿವಿಯೋಲೆಯ ತಿರುಪು ಎಂದೆ. ಪಾಪ, ಅವರೂ ಬಗ್ಗಿ ಹುಡುಕಿದರು.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಮೋಹನದಾಸರು ಟಿ.ವಿ.ಯ ಸ್ವರ ಕಡಿಮೆ ಮಾಡಿ ನನ್ನ ಮಾತು ಕೇಳಿದ್ದು ಬಹುಶಃ ಮೂರನೇ ಸಲ. ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದವರು. “ಕಣ್ಣಿಗೇ ಕಾಣದ ಹುಳ ಮಾರಾಯ್ತಿ. ಯಾವ ಊರಿನದ್ದು ಅಂತ ಯಾರು ಕೇಳ್ತಾರೆ? ಎರಡೂವರೆ ತಿಂಗಳು ಬಾಯಿ ಮುಚ್ಚಿ ಕೂತ್ಕೊ, ಶಾಲು ಹೊದಿಸಿ ಕಳಿಸ್ತಾರೆ.”

ತಪ್ಪೇನಿಲ್ಲ ಅವರು ಹೇಳಿದ್ದರಲ್ಲಿ. ಆದರೆ ಪೇಪರ್ ಅಚ್ಚಾದ ಮೇಲೆ ಎಲ್ಲೋ ಒಬ್ಬರು ಆ ಗಣಿಗಿಳಿದು ಹುಡುಕಿದರೆ? ಉಪ್ಪಿನ ಬ್ಯಾಕ್ಟೀರಿಯಾ ಸಿಗದಿದ್ದರೆ? ಸುಳ್ಳಿ ಎನಿಸಿಕೊಳ್ಳುವವಳು ಅಶ್ಮಿತಾ. ನಾನಾಗ ಮನೆಯಲ್ಲಿ ಬಂಗುಡೆ ಹುರಿಯುತ್ತಿರುತ್ತೇನೆ.

ಮಾರ್ಚ್ 14, ಶುಕ್ರವಾರ

ಹೇಳಿದೆ. ಅಶ್ಮಿತಾಳಿಗೆ.

ಮಧ್ಯಾಹ್ನ, ಲ್ಯಾಬಿನಲ್ಲಿ ಇಬ್ಬರೇ. ಊಟದ ಡಬ್ಬಿ ತೆರೆದಿದ್ದಳು. ಅಮ್ಮ ಆಸ್ಪತ್ರೆಯಲ್ಲಿದ್ದದ್ದು, ಅವಸರದಲ್ಲಿ ತಪ್ಪಿದ್ದು, ಬೆಂಗ್ರೆ, ಉಪ್ಪಿನಕಾಯಿ ಬಾಟಲಿ. ಹೆಪ್ಪಿನ ವಿಷಯವನ್ನೂ ಹೇಳಿದೆ. ಅವಳು ಡಬ್ಬಿ ಮುಚ್ಚಿದಳು.

“ಎರಡು ವರ್ಷ ಬಾಗಿಯಕ್ಕ. ದಿನಾ ನನ್ನ ಪಕ್ಕದಲ್ಲೇ ಕೂತಿದ್ದೀರಿ ನೀವು.”

ಅಷ್ಟೇ. ಬೈದಿದ್ದರೆ ಸುಲಭವಿತ್ತು. ಬ್ಯಾಗ್ ತೆಗೆದುಕೊಂಡು ಹೋದಳು. ಫ್ಲಾಸ್ಕ್ ಅಲ್ಲಾಡಿಸುವ ಶೇಕರ್ ಆಫ್ ಮಾಡುವುದನ್ನೂ ಮರೆತಿದ್ದಳು.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಅವಳೇ ಹಫ್ಸಾ ಮೇಡಂ ಬಳಿ ಹೋಗಿ ಹೇಳಿದ್ದಾಳೆ. ಕರೆಸಿದರು. ಕೆಲಸದಿಂದ ತೆಗೆಯುತ್ತಾರೆ ಎಂದೇ ಹೋದೆ. ಮೇಡಂ ಕೂರಲು ಹೇಳಿದರು, ಅದೇ ಹೆದರಿಕೆಯಾಯಿತು.

ವಿಷಯ ಇಷ್ಟು. ಬ್ಯಾಕ್ಟೀರಿಯಾ ಸುಳ್ಳಲ್ಲ, ಉಪ್ಪಿನಲ್ಲಿ ಬೆಳೆದದ್ದು ಸುಳ್ಳಲ್ಲ. ನದೀಬಾಯಿಯ ಕೆಸರಿನದ್ದು ಎಂದು ಬರೆದರೆ ಕೆಲಸ ಉಳಿಯುತ್ತದೆ. ಆದರೆ ಎಲ್ಲಿಂದ, ಯಾವತ್ತು, ಯಾರು ತಂದರು ಎಂಬುದಕ್ಕೆ ಆ ಕಾಲದ ದಾಖಲೆ ಬೇಕು. ಈಗ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ದಾಖಲೆ ಇಲ್ಲದಿದ್ದರೆ ‘ಮೂಲ ಗೊತ್ತಿಲ್ಲ’ ಎಂದು ಹಾಕಬೇಕು. ಹಾಗೆ ಹಾಕಿದರೆ ಥೀಸಿಸ್ಸಿನ ಆ ಅಧ್ಯಾಯ ಹೋಯಿತು.

ಮತ್ತೆ ಅಶ್ಮಿತಾ, ನನ್ನ ಮುಖ ನೋಡದೆ, “ಅವರು ದಿನಚರಿ ಬರೀತಾರೆ ಮೇಡಂ” ಎಂದಳು.

ಒಮ್ಮೆ ಯಾವಾಗಲೋ ಬಾಯಿತಪ್ಪಿ ಹೇಳಿದ್ದೆ. ನೆನಪಿಟ್ಟಿದ್ದಾಳೆ.

ಮಾರ್ಚ್ 16, ಭಾನುವಾರ

ಅಟ್ಟದಿಂದ ಟ್ರಂಕ್ ಇಳಿಸಿದೆ. 2011 ಸಿಕ್ಕಿತು. ಎಲ್ಐಸಿಯವರು ಕೊಟ್ಟ ಡೈರಿ. ಜುಲೈ 24, ಭಾನುವಾರ: “ಬೆಂಗ್ರೆ. ಅಣ್ಣನ ಮನೆಯ ಹಿಂದಿನ ಕಪ್ಪು ಕೆಸರಿನ ರಾಶಿಯಿಂದ ಒಂದು ಬಾಟಲಿ ಕೆಂಪು ನೀರು. ಪಿಎಚ್ 2.5. ನಾಳೆ ಹಾಕಿ ನೋಡುವುದು. ದೇವರು ಕ್ಷಮಿಸಲಿ.” ಇದಕ್ಕಿಂತ ಒಳ್ಳೆಯ ದಾಖಲೆ ಬೇಕೇ? ಸಮಾಧಾನವಾಯಿತು.

ಅಲ್ಲಿಗೇ ಮುಚ್ಚಬೇಕಿತ್ತು. ಹಿಂದಕ್ಕೆ ತಿರುಗಿಸಿದೆ. ಜೂನ್ 14. ಇಲ್ಲಿ ಇಳಿಸುತ್ತೇನೆ, ಒಂದಕ್ಷರ ಬಿಡದೆ.

“ಮಂಗಳವಾರ. ಬೆಳಿಗ್ಗೆ ಅಣ್ಣನ ಫೋನ್. ಅಮ್ಮನಿಗೆ ಉಸಿರು ಕಷ್ಟವಾಗಿದೆ, ಕೂಡಲೇ ಬಾ ಎಂದ. ಫಳ್ನೀರು ಇಲ್ಲಿಂದ ಹದಿನೈದು ನಿಮಿಷ. ಸರ್ ಹತ್ತಿರ ರಜೆ ಕೇಳಿದೆ. ಟ್ರಾನ್ಸ್‌ಫರ್ ಮುಗಿಸಿ ಹೋಗು ಎಂದರು. ಬರೆಯುತ್ತಿದ್ದರು, ತಲೆ ಎತ್ತಲಿಲ್ಲ. ಕಬ್ಬಿಣ ಸೋಸಲು ಒಂದೂವರೆ ಗಂಟೆ. ಸೋಸಲಿಲ್ಲ. ಎಲ್ಲ ಒಟ್ಟಿಗೆ ಹಾಕಿದೆ. ಹಾಕಬಾರದು ಎಂದು ಗೊತ್ತಿತ್ತು. ಸಾಯುವುದಾದರೆ ಸಾಯಲಿ ಅವರ ಬ್ಯಾಕ್ಟೀರಿಯಾ. ಆದರೂ ಹೊರಡುವಾಗ ಮೂರು ಗಂಟೆ. ಅಮ್ಮ ಎರಡೂಮುಕ್ಕಾಲಿಗೆ ಹೋಗಿದ್ದರು.”

ರಜೆ ಕೇಳಿದ್ದು ನೆನಪಿತ್ತು. ಗೊತ್ತಿದ್ದೇ ಹಾಕಿದ್ದು ನೆನಪಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಯಾವಾಗ ಅದು ‘ಅವಸರದಲ್ಲಿ ತಪ್ಪಿತು’ ಆಯಿತು? ನನಗೆ ನಾನೇ ಹೇಳಿ ಹೇಳಿ ಹಾಗಾಯಿತೇ? ಅಶ್ಮಿತಾಳಿಗೆ ಸುಳ್ಳು ಹೇಳುತ್ತಿದ್ದೇನೆ ಎಂದು ಮೊನ್ನೆ ಒಂದು ಕ್ಷಣವೂ ಅನಿಸಿರಲಿಲ್ಲ. ಅದೇ ದೊಡ್ಡ ಹೆದರಿಕೆ.

ತೊಂಬತ್ತಾರರಿಂದ ನಾನೇ ಸಾಕಿದ್ದು ಅದು. ಮಗಳು ಹೊಟ್ಟೆಯಲ್ಲಿದ್ದಾಗಲೂ ಬಂದು ಟ್ರಾನ್ಸ್‌ಫರ್ ಮಾಡಿದ್ದೇನೆ. ಸಾಯಲಿ ಎಂದು ಬರೆದವಳೂ ನಾನೇ.

ಮಾರ್ಚ್ 17, ಸೋಮವಾರ

ಜುಲೈ ಪುಟದ ಫೋಟೋ ಮಾತ್ರ ಕೊಟ್ಟೆ. ಮೇಡಂಗೆ ಅಷ್ಟು ಸಾಕು. ದಿನಾಂಕ, ಜಾಗ, ಪಿಎಚ್ — ನಮ್ಮ ಪಿಎಚ್‌ಡಿಯವರ ನೋಟ್‌ಬುಕ್ಕಿಗಿಂತ ಚೆನ್ನಾಗಿದೆ ಎಂದರು. ಜೂನಿನದ್ದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ವಿಜ್ಞಾನಕ್ಕೆ ಅದು ಬೇಡ.

ಅಶ್ಮಿತಾ ಮಾತಾಡಿದಳು. ಕೆಲಸದ ಮಾತು ಮಾತ್ರ. ಪೇಪರ್ ಮುಂದಕ್ಕೆ ಹೋಯಿತು, ಹೊಸದಾಗಿ ಬರೆಯಬೇಕು. ಸರ್‌ಗೆ ತಾನು ಹೇಳುತ್ತೇನೆ ಎಂದಳು. ಬೇಡ, ನಾನೇ ಹೋಗುತ್ತೇನೆ ಎಂದೆ.

ಮಾರ್ಚ್ 23, ಭಾನುವಾರ

ಕದ್ರಿ. ಸರ್ ಮನೆ. ಇಗರ್ಜಿಯಿಂದ ಆಗಷ್ಟೇ ಬಂದಿದ್ದರು. ಸೊಸೆ ಕ್ಯಾರಲ್ ಬಾಗಿಲು ತೆರೆದು ಒಳಗೆ ಕೂರಿಸಿದಳು. ಒಳ್ಳೆಯ ಹುಡುಗಿ.

ಹೇಳಿದೆ. ಅಶ್ಮಿತಾಳಿಗೆ ಹೇಳಿದ ಹಾಗೆಯೇ. ಅವಸರ, ಕೈತಪ್ಪು. ದಾರಿಯಿಡೀ ಬೇರೆ ಮಾತು ಕಟ್ಟಿಕೊಂಡು ಹೋಗಿದ್ದೆ. ಅವರ ಮುಖ ನೋಡಿದೊಡನೆ ಹಳೆಯದೇ ಬಂತು.

ಎಷ್ಟನೇ ಇಸವಿ ಎಂದು ಕೇಳಿದರು. ಹನ್ನೊಂದು ಎಂದೆ. ಬೆರಳಿನಲ್ಲಿ ಎಣಿಸಿದರು. ಅದರ ನಂತರ ಸಿ.ಎಂ.-3ರ ಮೇಲೆ ಅವರದ್ದು ಎರಡು ಪೇಪರ್ ಬಂದಿವೆ. ಎರಡರಲ್ಲೂ ಗಣಿ ಎಂದೇ ಇದೆ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಜರ್ನಲ್‌ನವರಿಗೆ ತಿದ್ದುಪಡಿ ಬರೆಯುತ್ತೇನೆ ಎಂದರು.

ಆಮೇಲೆ ನನ್ನನ್ನೇ ಸಮಾಧಾನ ಮಾಡಿದರು. ತಪ್ಪು ಯಾರಿಗೆ ಆಗುವುದಿಲ್ಲ ಎಂದರು. ಆಗ ನಿನ್ನ ತಾಯಿಗೆ ಹುಷಾರಿರಲಿಲ್ಲ ಅಲ್ವಾ ಎಂದರು. ಹೌದು ಸರ್ ಎಂದೆ. ಕಣ್ಣು ತುಂಬಿತು. ಇಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ. ಆಗ ಅವರು ಹೇಳಿದರು.

“ಒಂದು ಮಾತು ರಜೆ ಕೇಳಿದ್ರೆ ನಾನು ಕೊಡ್ತಿರಲಿಲ್ವಾ ಬಾಗಿ?”

ತುಂಬಿದ ಕಣ್ಣು ಹಾಗೇ ಒಣಗಿತು. ಟೀ ಮುಗಿಸಿ ಎದ್ದು ಬಂದೆ.

ಮಾರ್ಚ್ 24, ಸೋಮವಾರ

ಕೇಳಿದ್ದೆ. ಕೇಳಿದ್ದೆ. ಕೇಳಿದ್ದೆ. ಅವರ ಮೇಜಿನ ಮುಂದೆ ನಿಂತು ಕೇಳಿದ್ದೆ.

ಮಾರ್ಚ್ 31, ಸೋಮವಾರ

ಟ್ರಾನ್ಸ್‌ಫರ್. ಹೊಸ ಲೇಬಲ್. ಬಿ.ಎನ್.ಜಿ.-1, ಬೆಂಗ್ರೆಯ ಹೆಸರಿನಲ್ಲಿ. ಅಶ್ಮಿತಾ ಬರೆದದ್ದು. ಹಳೆಯದನ್ನು ಕೀಳುವಾಗ ಸೆಲ್ಲೋಟೇಪ್ ಜೊತೆ ಸರ್ ಅಕ್ಷರವೂ ಅರ್ಧ ಹರಿಯಿತು. ಕಸದ ಬುಟ್ಟಿಗೆ ಹಾಕಲು ಮನಸ್ಸಾಗಲಿಲ್ಲ. ಕಿಸೆಯಲ್ಲಿಟ್ಟುಕೊಂಡೆ.

‘ಸಂಗ್ರಹಿಸಿದವರು’ ಎಂಬಲ್ಲಿ ನನ್ನ ಹೆಸರು ಬರುತ್ತದಂತೆ. ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಬಾಗಿಯಕ್ಕ ಎಂದು ಕೇಳಿದಳು. ಮೊದಲಿನ ಸ್ವರದಲ್ಲಿ ಕೇಳಿದಳು. ಖುಷಿಯಾಗಬೇಕಿತ್ತು. ಆಯಿತು ಕೂಡ, ಸುಳ್ಳು ಯಾಕೆ.

ಕ್ಷಮೆ ಸಿಕ್ಕಿದೆ. ಆದರೆ ನಾನು ಮಾಡಿದ ತಪ್ಪಿಗಲ್ಲ, ಮಾಡದೇ ಇದ್ದದ್ದಕ್ಕೆ. ಮತ್ತೆ ಅವರು? ಅವರಿಗೆ ತಾವು ಮಾಡಿದ್ದೇ ಗೊತ್ತಿಲ್ಲ. ಮರೆತಿದ್ದಾರೆ. ನಾನೂ ಮರೆತಿದ್ದೆನಲ್ಲ. ಇಬ್ಬರೂ ನಮನಮಗೆ ಬೇಕಾದ್ದನ್ನು ಮರೆತೆವು. ಡೈರಿಯೊಂದು ಮರೆಯಲಿಲ್ಲ.

ಏಪ್ರಿಲ್ 8, ಮಂಗಳವಾರ

ಸರ್ ತಿದ್ದುಪಡಿ ಪತ್ರ ಬರೆದು ಅಶ್ಮಿತಾಳ ಕೈಯಲ್ಲಿ ಕಳುಹಿಸಿದ್ದಾರೆ. ಎರಡು ಜರ್ನಲ್‌ಗೂ ಒಂದೇ ಪತ್ರ. ನಾನು ಓದಿ, ಸರಿ ಇದ್ದರೆ ಕೆಳಗೆ ಸಹಿ ಹಾಕಬೇಕು.

ಇಂಗ್ಲಿಷ್. ನಿಧಾನವಾಗಿ ಓದಿದೆ. ಎಲ್ಲ ಸರಿ. ಒಂದು ವಾಕ್ಯದಲ್ಲಿ ನಿಂತೆ. ಮೂಲ ತಳಿ 2011ರಲ್ಲಿ ಲ್ಯಾಬ್ ಸಿಬ್ಬಂದಿಯಿಂದ ‘ಇನ್‌ಅಡ್ವರ್ಟೆಂಟ್ಲಿ’ ನಾಶವಾಯಿತು ಎಂದಿದೆ. ಹಾಗೆಂದರೆ ಎಂತ ಎಂದು ಕೇಳಿದೆ. ಅಶ್ಮಿತಾ ಫೋನಿನಲ್ಲಿ ನೋಡಿ, ಅಚಾತುರ್ಯದಿಂದ, ಅರಿಯದೆ ಎಂದಳು. “ನಿಮ್ಮ ಮೇಲೆ ತಪ್ಪು ಬರಬಾರದು ಅಂತ ಸರ್ ಹಾಕಿದ್ದು ಬಾಗಿಯಕ್ಕ.”

ಅರಿಯದೆ.

ನಾಳೆ ಸಹಿ ಹಾಕಿ ಕೊಡುತ್ತೇನೆ ಎಂದೆ. ಮನೆಗೆ ತಂದಿದ್ದೇನೆ. ಇವರಿಗೆ ತೋರಿಸಿದೆ. ಪೂರ್ತಿ ಓದಿ ಕನ್ನಡಕ ತೆಗೆದರು. “ಒಂದು ಶಬ್ದ ಅಲ್ವಾ. ಅಷ್ಟಕ್ಕೆ ಎಂತ?” ಎಂದರು. ನಾನು ಜೂನ್ ಪುಟ ಬಿಡಿಸಿ ಕೈಗೆ ಕೊಟ್ಟೆ. ಅದನ್ನೂ ಓದಿದರು. ಆ ವರ್ಷ ಇವರು ಮಸ್ಕತ್ತಿನಲ್ಲಿದ್ದರು, ಅಮ್ಮನ ಬೊಜ್ಜಕ್ಕೆ ಬಂದವರು ನಾಲ್ಕೇ ದಿನ ಇದ್ದರು. ಇದು ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದರು. ಟಿ.ವಿ. ಆಫ್ ಮಾಡಿ ಬಂದು ಬೀನ್ಸ್ ಹೆಚ್ಚಿಕೊಟ್ಟರು.

ಏಪ್ರಿಲ್ 9, ಬುಧವಾರ

ಸಹಿ ಹಾಕಲಿಲ್ಲ. ಪತ್ರವೂ 2011ರ ಡೈರಿಯೂ ಒಂದೇ ಚೀಲದಲ್ಲಿಟ್ಟಿದ್ದೇನೆ. ನಾಳೆ ಕದ್ರಿಗೆ.

ಯಾಕೆ ಹೋಗುತ್ತಿದ್ದೇನೆ? ಸತ್ಯ ಹೇಳಲೇ, ಇಲ್ಲ ಅವರ ಮುಖಕ್ಕೆ ಆ ದಿನವನ್ನು ಹಿಡಿಯಲೇ? ಎರಡೂ ಇದೆ. ಬೇರೆ ಬೇರೆ ಮಾಡಲು ನೋಡಿದೆ, ಆಗುವುದಿಲ್ಲ. ವಯಸ್ಸಾದ ಮನುಷ್ಯ, ಈಗಾಗಲೇ ಎರಡು ಪೇಪರ್ ಹೋಗಿದೆ. ಇನ್ನೂ ನೋಯಿಸಬೇಕೇ? ನೋಯಿಸಬಾರದು ಎಂದರೆ ಆ ಶಬ್ದದ ಕೆಳಗೆ ನನ್ನ ಸಹಿ ಬೀಳಬೇಕು. ನಾಳೆ ಯಾರೋ ಅದನ್ನು ಓದುತ್ತಾರೆ. ನಂಬುತ್ತಾರೆ.

ಒಂದು ಲೇಬಲ್ ಸುಳ್ಳು ಅಂಟಿಸಿ ಇಷ್ಟಾಯಿತು. ಇನ್ನೊಂದು ಬೇಡ.

ಏಪ್ರಿಲ್ 10, ಗುರುವಾರ, ಸಂಜೆ 4.40
ಕದ್ರಿ, ಸರ್ ಮನೆ

ಇಲ್ಲೇ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂತು ನೋಡಲಾಗುವುದಿಲ್ಲ. ಎದುರಿಗೆ ಸರ್. ಜೂನ್ 14 ಓದುತ್ತಿದ್ದಾರೆ. ಸಹಿ ಯಾಕೆ ಹಾಕಿಲ್ಲ ಎಂದು ಕೇಳಿದರು, ಈ ಪುಟ ಓದಿ ಸರ್ ಎಂದಷ್ಟೇ ಹೇಳಿ ಕೊಟ್ಟೆ. ನನ್ನ ಅಕ್ಷರ ಸಣ್ಣ, ಅವರ ಕಣ್ಣು ಮೊದಲಿನ ಹಾಗಿಲ್ಲ. ಭೂತಗನ್ನಡಿ ಹಿಡಿದು ಒಂದೊಂದೇ ಗೆರೆ. ಕ್ಯಾರಲ್ ಟೀ ಇಟ್ಟು ಹೋದಳು. ಮುಟ್ಟಿಲ್ಲ, ಇಬ್ಬರೂ.

ಭೂತಗನ್ನಡಿ ನಿಂತಿತು. ಎಲ್ಲಿ ನಿಂತಿತು ಎಂದು ಗೊತ್ತು. ‘ತಲೆ ಎತ್ತಲಿಲ್ಲ’ — ಅಲ್ಲಿ.

ಮುಂದೆ ಹೋಯಿತು. ‘ಸಾಯಲಿ’ ಬಂದಿರಬೇಕು. ಎದ್ದು ಓಡಿಹೋಗೋಣ ಅನಿಸುತ್ತಿದೆ.

ಪುಟ ಮುಗಿಯಿತು. ಮತ್ತೆ ಮೊದಲಿನಿಂದ ಓದುತ್ತಿದ್ದಾರೆ.

ಡೈರಿ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಾರೆ.

“ಎರಡೂಮುಕ್ಕಾಲಿಗೆ” ಎಂದರು. ನನ್ನನ್ನು ಕೇಳಿದ್ದಲ್ಲ.

ಆಮೇಲೆ, “ನೀನು ಕೇಳಿದ್ದಿ. ನಾನು ಕೊಡಲಿಲ್ಲ.”

ಹೌದು ಸರ್ ಎಂದೆ. ಗೊತ್ತಿದ್ದೇ ಹಾಕಿದ್ದು ಸರ್, ಆ ಶಬ್ದ ಸರಿಯಲ್ಲ ಎಂದೂ ಹೇಳಿದೆ.

ಪತ್ರ ಎತ್ತಿಕೊಂಡರು. ಆ ವಾಕ್ಯದ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು. ನೇರವಾಗಿ, ತಲೆಯೆತ್ತಿ.

“ಇದನ್ನು ಹೊಡೆದು ಹಾಕ್ಬೇಕು. ಅದರ ಪಕ್ಕ ನನ್ನದೂ ಒಂದು ಮಾತು ಸೇರಿಸ್ಲಿಕ್ಕುಂಟು. ಪೆನ್ನು ಕೊಡು ಬಾಗಿ.”

ನನ್ನ ಹತ್ತಿರ ಇರುವುದು ಇದೊಂದೇ —